ಬೇಸಿಗೆಯಲ್ಲಿ ನೀರು ಹಾಕೋರು ಯಾರು?

ಮಾಗಡಿ ಅವರೆಕಾಯಿಯ ಬಗ್ಗೆ ಬೆಂಗಳೂರಿನವರು ನಮಗಿಂತ ಚೆನ್ನಾಗಿ ಮಾತಾಡುತ್ತಾರೆ. ಚಳಿ ಬಿತ್ತೆಂದರೆ ಅಲ್ಲಿ ಅವರೆಬೇಳೆ ಮೇಳ. ವಿ.ವಿ. ಪುರಂನಲ್ಲಿ ಶುರುವಾದ ಆ ಜಾತ್ರೆಯಲ್ಲಿ ದೋಸೆಗೂ ಅವರೆ, ಹೋಳಿಗೆಗೂ ಅವರೆ, ಜಿಲೇಬಿಗೂ ಅವರೆ. ಕಾಯಿ ಹೋಗುವುದು ನಮ್ಮ ಕಡೆಯಿಂದ. ಕತ್ತಲಿರುವಾಗಲೇ ಚೀಲ ಕಟ್ಟಿ ಗಾಡಿಗೆ ಏರಿಸಿದ ಅದೇ ಮನೆಯ ಹೆಂಗಸು ಹತ್ತು ಗಂಟೆಗೆ ಬೀದಿಗೆ ಬಂದ ತರಕಾರಿ ಗಾಡಿಯವನ ಹತ್ತಿರ ದಂಟಿನ ಸೊಪ್ಪಿನ ಕಟ್ಟು ಕೊಳ್ಳುತ್ತಾಳೆ. ಆ ಕಟ್ಟು ಬಂದಿರುವುದು ಬೆಂಗಳೂರಿನ ಮಾರುಕಟ್ಟೆಯಿಂದ. ನನ್ನ ತವರಿನಲ್ಲಿ ನಾನು ವರ್ಷವರ್ಷವೂ ನೋಡುವ ಆಟ ಇದು.

ನಾನು ಹುಟ್ಟಿದ್ದು ಮಾಗಡಿ ಸೀಮೆಯಲ್ಲಿ. ಕೊಟ್ಟ ಮನೆ ಚನ್ನಪಟ್ಟಣದ ಹತ್ತಿರ. ಟೀಚರ್ ಆಗಿ ಸವೆದದ್ದು ಬಹುಪಾಲು ಕನಕಪುರ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ. ಈಗ ಮಗಳ ಮನೆ ರಾಮನಗರದಲ್ಲಿದೆ, ಅಲ್ಲಿಗೂ ಓಡಾಟ ತಪ್ಪಿದ್ದಲ್ಲ. ಈ ನಾಲ್ಕು ಊರುಗಳನ್ನು ಸೇರಿಸಿ 2007ರಲ್ಲಿ ರಾಮನಗರ ಜಿಲ್ಲೆ ಮಾಡಿದರು, 2025ರಲ್ಲಿ ಅದನ್ನು ಬೆಂಗಳೂರು ದಕ್ಷಿಣ ಅಂದರು. ಬೋರ್ಡು ಯಾವುದೇ ಇರಲಿ, ಮುದ್ದೆಗೆ ಸಾರು ಬೇಕು, ಸಾರಿಗೆ ಸೊಪ್ಪು ಬೇಕು.

ಹೊಟ್ಟೆ ತುಂಬುವ ಚಿಂತೆ ನಮ್ಮ ಅಮ್ಮನ ಕಾಲದಷ್ಟು ಈಗಿಲ್ಲ. 2013ರಲ್ಲಿ ಅನ್ನಭಾಗ್ಯ ಬಂತು, ಅದೇ ವರ್ಷ ದೇಶಕ್ಕೆ ಆಹಾರ ಭದ್ರತಾ ಕಾಯ್ದೆಯೂ ಬಂತು. ಅಕ್ಕಿ ಸಿಗುತ್ತದೆ. ಆದರೆ 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವ ಮಾತು ಬೇರೆ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ನೂರರಲ್ಲಿ 65 ಮಕ್ಕಳಿಗೆ ರಕ್ತಹೀನತೆ. ಹರೆಯದಿಂದ ನಲವತ್ತೊಂಬತ್ತರವರೆಗಿನ ಹೆಂಗಸರಲ್ಲೂ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ಅದೇ ಕಾಯಿಲೆ. ಪ್ರಾರ್ಥನೆಗೆ ನಿಂತ ಮಕ್ಕಳು ತಲೆ ಸುತ್ತಿ ಕೂರುವುದನ್ನು ಕಂಡ ಯಾವ ಟೀಚರಿಗೂ ಈ ಅಂಕಿಗಳು ಹೊಸದಾಗಿ ಕಾಣುವುದಿಲ್ಲ. ಬೆಳ್ಳಗೆ ಪಾಲಿಶ್ ಆದ ಅಕ್ಕಿ ನೂರು ಗ್ರಾಂ ತಿಂದರೆ ಸಿಗುವ ಸುಣ್ಣದ ಅಂಶ ಹತ್ತು ಮಿಲಿಗ್ರಾಂ ಆಸುಪಾಸು. ಅಷ್ಟೇ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ. ಕೊರತೆ ಬಿದ್ದಿರುವುದು ಅನ್ನಕ್ಕಲ್ಲ. ರಾಗಿಗೆ, ಕಾಳಿಗೆ, ಸೊಪ್ಪಿಗೆ.

ಇವು ಮೂರೂ ಒಂದೇ ಹೊಲದಲ್ಲಿ ಬೆಳೆಯುತ್ತಿದ್ದ ಕಾಲ ನನಗೆ ನೆನಪಿದೆ. ಅಪ್ಪ ಕೂರಿಗೆ ಹಿಡಿದು ರಾಗಿ ಬಿತ್ತುತ್ತಿದ್ದರೆ, ಹಿಂದೆ ಅವ್ವ ಸಡ್ಡೆಯಲ್ಲಿ ಅವರೆಕಾಳು ಬಿಡುತ್ತಾ ಬರುತ್ತಿದ್ದಳು. ಎಂಟು ಸಾಲು ರಾಗಿ ಆದರೆ ಎರಡು ಸಾಲು ಅಕ್ಕಡಿ. ಅಕ್ಕಡಿಯಲ್ಲಿ ಅವರೆ, ತೊಗರಿ, ಅಲಸಂದೆ, ನಡುವೆ ಹುಚ್ಚೆಳ್ಳು, ಅಲ್ಲಲ್ಲಿ ಸಾಸಿವೆ, ಹೊಲದ ಅಂಚಿಗೆ ಹರಳು. ನಡುನಡುವೆ ಎದ್ದು ನಿಂತ ಜೋಳದ ದಂಟಿನ ಮೇಲೆ ಹಕ್ಕಿ ಕೂತು ಹುಳ ಹೆಕ್ಕುತ್ತಿತ್ತು. ರಾಗಿಯ ಬೇರು ಮೇಲುಮೇಲೆ, ತೊಗರಿಯ ಬೇರು ಆಳಕ್ಕೆ. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಅವರೆ ಇಬ್ಬನಿಯಲ್ಲೇ ಕಾಯಿ ಕಟ್ಟುತ್ತಿತ್ತು. ನಾಡ ಅವರೆಗೆ ಹಗಲು ಚಿಕ್ಕದಾಗದೆ ಹೂ ಬರುವುದಿಲ್ಲ, ಅದಕ್ಕೇ ಅದು ಡಿಸೆಂಬರಿನ ಪದಾರ್ಥ. ವರ್ಷವಿಡೀ ಕಾಯಿ ಬಿಡುವ ಹೆಬ್ಬಾಳ ಅವರೆ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಆಮೇಲೆ ಕೊಟ್ಟಿತು. ರೈತನಿಗೆ ಅದು ಅನುಕೂಲವೇ, ಸೊಗಡಿನ ವಿಷಯದಲ್ಲಿ ಮಾತ್ರ ನನ್ನನ್ನು ಕೇಳಬೇಡಿ.

ಅಕ್ಕಡಿ ಹೋಗಿದ್ದಕ್ಕೆ ಯಾರನ್ನೂ ಬೈದು ಪ್ರಯೋಜನವಿಲ್ಲ. ಕಳೆ ಕೀಳಲು ಆಳಿಲ್ಲವೆಂದು ಕಳೆನಾಶಕ ಹೊಡೆದರೆ ಅವರೆ, ತೊಗರಿ ಕಳೆಯ ಜೊತೆಗೇ ಸಾಯುತ್ತವೆ. ಕೊಯ್ಲಿಗೆ ಮಿಷಿನ್ನು ಬಂದರೆ ಅದಕ್ಕೆ ಒಂದೇ ಬೆಳೆ ಒಂದೇ ಎತ್ತರದಲ್ಲಿ ಬೇಕು. ಬೀಜವೂ ಹಾಗೆಯೇ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ ಇಂಡಾಫ್ ತಳಿಗಳನ್ನು ತಂದಾಗ ಇಳುವರಿ ನಿಜಕ್ಕೂ ಏರಿತು, ಎಷ್ಟೋ ಮನೆಯ ಹಸಿವು ಅದರಿಂದ ಇಳಿಯಿತು. ಅದೇ ಹೊತ್ತಿಗೆ ಪಿಚ್ಚಕಡ್ಡಿ, ಮಜ್ಜಿಗೆ ರಾಗಿ, ಉದುರುಮಲ್ಲಿಗೆ, ರುದ್ರಜಡೆ ಇಂಥ ರಾಗಿಗಳು ಒಂದೊಂದೇ ಮನೆಯ ಗುಡಾಣದಿಂದ ಖಾಲಿಯಾದವು. ಒಂದು ವರ್ಷ ಬಿತ್ತದಿದ್ದರೆ ಏನೂ ಆಗುವುದಿಲ್ಲ, ರಾಗಿ ಕೆಲವು ವರ್ಷ ತಡೆಯುತ್ತದೆ. ಹತ್ತು ವರ್ಷ ಯಾರೂ ಬಿತ್ತದಿದ್ದರೆ ಮುಗಿಯಿತು.

ಇದನ್ನು ಮೊದಲೇ ಕಂಡುಕೊಂಡವರಲ್ಲಿ ಡಾ. ವನಜಾ ರಾಮಪ್ರಸಾದ್ ಒಬ್ಬರು. ಅವರು ಕಟ್ಟಿದ ಗ್ರೀನ್ ಫೌಂಡೇಷನ್ 1990ರ ದಶಕದಲ್ಲಿ ಹೊಸೂರಿನಾಚೆಯ ತಳಿ ಎಂಬ ಊರಿನ ಸುತ್ತ ಕೆಲಸ ಶುರುಮಾಡಿ, ಕನಕಪುರದ ಹಳ್ಳಿಗಳಲ್ಲೂ ಸಮುದಾಯ ಬೀಜ ಬ್ಯಾಂಕುಗಳನ್ನು ನಿಲ್ಲಿಸಿತು. ನಡೆಸುವವರು ಹೆಚ್ಚಾಗಿ ಹಳ್ಳಿಯ ಮಹಿಳಾ ಸಂಘದವರು. ಬ್ಯಾಂಕು ಅಂದ ತಕ್ಷಣ ಕಬ್ಬಿಣದ ಬೀರು, ಕೌಂಟರು ಕಲ್ಪಿಸಿಕೊಳ್ಳಬೇಡಿ. ಒಂದು ಕೋಣೆ, ಗೋಡೆಗೆ ಸಾಲಾಗಿ ಮಡಕೆ, ಡಬ್ಬ, ಬುರುಡೆ, ಒಂದು ದಪ್ಪ ನೋಟ್‌ಬುಕ್ಕು. ಅವರೆ, ಅಲಸಂದೆ ಕಾಳಿಗೆ ಕೆಮ್ಮಣ್ಣು ಸವರಿ ಒಣಗಿಸಿರುತ್ತಾರೆ. ತರಕಾರಿ ಬೀಜಕ್ಕೆ ಬೂದಿ, ಮೇಲೆ ಒಣಗಿದ ಬೇವಿನ ಎಲೆ. ಬಿತ್ತನೆಗೆಂದು ಆರಿಸುವ ತೆನೆಯನ್ನು ಕಣದಲ್ಲಿ ಆರಿಸುವುದಿಲ್ಲ, ಪೈರು ನಿಂತಿರುವಾಗಲೇ ಹೊಲದಲ್ಲಿ ನಡೆದು ಗುರುತು ಮಾಡಿ ಬರುತ್ತಾರೆ. ಅಲ್ಲಿ ಕಣ್ಣು ಹೆಂಗಸರದೇ. ಪೇಟೆಗೆ ಹೋಗುವ ಬೆಳೆ ಗಂಡಸಿನ ಲೆಕ್ಕದಲ್ಲಿದ್ದರೆ, ಅಕ್ಕಡಿ ಕಾಳು ಮೊದಲಿಂದಲೂ ಹೆಂಗಸಿನ ಲೆಕ್ಕದ್ದು.

ಆ ಬ್ಯಾಂಕಿನ ಕಾನೂನು ಒಂದೇ ಸಾಲಿನದು. ಒಂದು ಸೇರು ಬೀಜ ಒಯ್ದವರು ಸುಗ್ಗಿಯಲ್ಲಿ ಎರಡು ಸೇರು ತಂದು ಅಳೆಯಬೇಕು.

ಬೀಜ ಮಡಕೆಯಲ್ಲಿ ಕೂತರೆ ಕೆಡುತ್ತದೆ. ಅವರೆ, ಅಲಸಂದೆ ಒಂದೆರಡು ವರ್ಷ ತಡೆದಾವು, ಈರುಳ್ಳಿ ಬೀಜ ಒಂದು ವರ್ಷವೂ ಸರಿಯಾಗಿ ತಡೆಯುವುದಿಲ್ಲ. ಬೀಜ ಜೀವಂತವಾಗಿರಬೇಕಾದರೆ ಅದು ಪ್ರತಿ ವರ್ಷ ಯಾರದಾದರೂ ಹೊಲಕ್ಕೆ ಹೋಗಿ ಹೊಸದಾಗಿ ಬರಬೇಕು. ಎರಡು ಸೇರಿನ ಸಾಲ ಆ ಓಡಾಟವನ್ನು ನಡೆಸುತ್ತದೆ. ಪುಕ್ಕಟೆ ಕೊಟ್ಟ ಬೀಜವನ್ನು ಜನ ಮರೆಯುತ್ತಾರೆ, ಸಾಲ ಅಂದರೆ ಮರೆಯುವುದಿಲ್ಲ. ಮರೆತರೂ ನೋಟ್‌ಬುಕ್ಕಿನ ಅಕ್ಕ ಬಾವಿಕಟ್ಟೆಯಲ್ಲಿ ನೆನಪಿಸುತ್ತಾಳೆ.

ಸ್ವಯಂಸೇವೆ, ಸಮುದಾಯ ತೋಟ ಎಂದು ಈಗ ಎಲ್ಲೆಲ್ಲೂ ಕೇಳುವ ಮಾತಿಗೆ ನನ್ನ ತಕರಾರು ಇರುವುದು ಇಲ್ಲೇ. ಜೂನ್ 5ರ ಪರಿಸರ ದಿನ ಬಂದರೆ ಗುಂಡಿ ತೋಡಲು ನೂರು ಜನ, ಫೋಟೋಗೆ ಇನ್ನೂರು ಜನ. ಗಿಡಕ್ಕೆ ಆಗ ಯಾರ ಅಗತ್ಯವೂ ಇಲ್ಲ, ಮಳೆ ಇರುತ್ತದೆ. ನಮ್ಮ ಸೀಮೆಯ ಮಳೆ ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇನ್ನೊಮ್ಮೆ ಜೋರು. ಜನವರಿಯಿಂದ ಏಪ್ರಿಲ್‌ವರೆಗೆ ಆಕಾಶ ಬಹುಪಾಲು ಬರಿದು. ತೋಟ ಉಳಿಯುವುದೂ ಒಣಗುವುದೂ ಈ ನಾಲ್ಕು ತಿಂಗಳಲ್ಲಿ. ಆಗ ನೀರು ಹಾಕುವವರಿಗೆ ಹಾರವೂ ಇಲ್ಲ, ಫೋಟೋವೂ ಇಲ್ಲ.

ಶಾಲೆಯ ತೋಟಗಳಲ್ಲಿ ಇದನ್ನು ಹತ್ತಿರದಿಂದ ಕಂಡಿದ್ದೇನೆ. ಅಕ್ಷರ ದಾಸೋಹ ಬಂದ ಮೇಲೆ ಶಾಲೆಯಲ್ಲಿ ಸಾರಿಗೊಂದು ಕಾರಣ ಹುಟ್ಟಿತು. ಕೈತೋಟ ಮಾಡಿ ಎಂದು ಇಲಾಖೆಯೂ ಹೇಳಿತು. ಉದ್ಯೋಗ ಖಾತ್ರಿಯಲ್ಲಿ ಶಾಲೆ, ಅಂಗನವಾಡಿ, ಮನೆಗಳಿಗೆ ಪೌಷ್ಟಿಕ ಕೈತೋಟ ಮಾಡಿಕೊಡುವ ಅವಕಾಶವೂ ಬಂತು. ನಾನಿದ್ದ ಒಂದು ಶಾಲೆಯಲ್ಲಿ ಮಕ್ಕಳು ತಟ್ಟೆ ತೊಳೆಯುವ ಕಟ್ಟೆಯಿಂದ ನೀರು ರಸ್ತೆಗೆ ಹರಿದು ರೊಚ್ಚೆಯಾಗುತ್ತಿತ್ತು. ಅದಕ್ಕೆ ಮೊದಲು ಒಂದು ಜಾಲರಿ ಹಾಕಿದೆವು, ಅನ್ನದ ಅಗುಳು ನಿಲ್ಲಲಿ ಅಂತ. ಆಮೇಲೆ ಜಲ್ಲಿ, ಮರಳು ತುಂಬಿದ ಗುಂಡಿ. ಅಲ್ಲಿಂದ ಕಾಲುವೆ ತೆಗೆದು ಬಾಳೆಗೆ, ಬಾಳೆಯಿಂದ ನುಗ್ಗೆಗೆ. ತೊಳೆಯುವುದಕ್ಕೆ ಸೋಪಿನ ಬದಲು ಬೂದಿ, ಸೀಗೆಪುಡಿ ಇಟ್ಟೆವು. ಜಾಲರಿಯ ಅಗುಳಿಗೆ ಕೋಳಿ ಬರುತ್ತಿದ್ದವು. ಕೋಳಿ ಬಂದಲ್ಲಿ ಕೀರೆ ಮಡಿ ಉಳಿಯುವುದಿಲ್ಲ, ಹಿಪ್ಪುನೇರಳೆ ಕಡ್ಡಿಯ ಬೇಲಿ ಕಟ್ಟಿದೆವು. ಕೋಳಿ ನಿಂತಿತು, ಕೋತಿ ನಿಲ್ಲಲಿಲ್ಲ.

ಕೋತಿಯ ವಿಷಯ ಕೈತೋಟದ ಕೈಪಿಡಿಗಳಲ್ಲಿ ಬರುವುದೇ ಇಲ್ಲ. ಬೆಟ್ಟದ ಬುಡದ ಊರುಗಳಲ್ಲಿ ಬದನೆ, ಟೊಮೆಟೊ, ಸೀಬೆ ಯಾವುದನ್ನೂ ಅವು ನಮಗೆ ಬಿಡುವುದಿಲ್ಲ. ಕನಕಪುರ, ಚನ್ನಪಟ್ಟಣದ ಕಾಡಂಚಿನಲ್ಲಾದರೆ ಆನೆ. ರಾಗಿ ಹೊಡೆ ಬಂದ ಮೇಲೆ ಅಟ್ಟಣೆ ಹಾಕಿ ರಾತ್ರಿ ಕಾಯಬೇಕು, ಹಲಸು ಹಣ್ಣಾದರೆ ಆನೆ ಮನೆ ಮುಂದಕ್ಕೇ ಬರುತ್ತದೆ. ಕೋತಿ ಅಷ್ಟಾಗಿ ಮುಟ್ಟದ್ದು ಯಾವುದು ಎಂದು ನೋಡುತ್ತಾ ಹೋದರೆ ಉಳಿಯುವುದು ಚಕ್ರಮುನಿ, ಕರಿಬೇವು, ಹೊನಗೊನ್ನೆ, ಗಣಿಕೆ ಸೊಪ್ಪಿನಂಥವು. ಇವಕ್ಕೆಲ್ಲ ಇನ್ನೊಂದು ಗುಣವೂ ಇದೆ. ಒಮ್ಮೆ ಬೇರು ಬಿಟ್ಟರೆ ಬಚ್ಚಲ ನೀರಿನಲ್ಲೇ ಬೇಸಿಗೆ ದಾಟುತ್ತವೆ, ಇಲ್ಲವೇ ಕರೆಯದೆ ಮತ್ತೆ ಹುಟ್ಟುತ್ತವೆ. ಬೀಜದ ಪೊಟ್ಟಣದಲ್ಲಿ ಸಿಗುವ ಹೈಬ್ರಿಡ್ ಟೊಮೆಟೊ ಹಾಗಲ್ಲ, ಅದರ ಬೀಜ ಎತ್ತಿಟ್ಟು ಮರುವರ್ಷ ಹಾಕಿದರೆ ತಾಯಿಯಂತೆ ಬರುವುದಿಲ್ಲ.

ತಟ್ಟೆ ನೀರಿನ ತೋಟಕ್ಕೆ ನಿಜವಾದ ಪರೀಕ್ಷೆ ಏಪ್ರಿಲ್ ಎರಡನೆಯ ವಾರದಲ್ಲಿ. ರಜೆ ಬಿತ್ತು, ತಟ್ಟೆ ಇಲ್ಲ, ನೀರಿಲ್ಲ. ನಮ್ಮ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ, ಎಲ್ಲರೂ ಸೇರಿ ಹಾಕೋಣ ಎಂದು ತೀರ್ಮಾನವಾಯಿತು. ಎಲ್ಲರೂ ಅಂದರೆ ಯಾರೂ ಅಲ್ಲ ಎಂದು ಅಡುಗೆಯ ಅಕ್ಕನಿಗೆ ಗೊತ್ತಿತ್ತು.

“ಟೀಚರಮ್ಮ, ಹಂಗೆಲ್ಲ ಆಗಕ್ಕಿಲ್ಲ. ನೀರು ಹಾಕ್ದೋರಿಗೆ ಏನ್ ಸಿಗ್ತದೆ ಹೇಳಿ” ಅಂದಳು.

“ಸೊಪ್ಪು ನೀವೇ ಕೊಯ್ಕೊಳಿ ಅಕ್ಕ” ಅಂದೆ.

“ಬರೀ ಸೊಪ್ಪಲ್ಲ, ಬಾಳೆಗೊನೇಲಿ ಅರ್ಧ. ವಾರಕ್ಕೆ ಒಂದ್ಮನೆ. ಯಾವ ವಾರ ಯಾರು ಅಂತ ಗೋಡೆ ಮೇಲೆ ಬರೀರಿ. ತಪ್ಪಿಸ್ದೋರ ಹೆಸ್ರೂ ಬರೀರಿ.”

ಶಾಲೆಯ ಹಿಂದಿನ ಬೀದಿಯ ಏಳು ಮನೆಯವರ ಹೆಸರು ಸುಣ್ಣದ ಗೋಡೆಗೆ ಇದ್ದಿಲಿನಲ್ಲಿ ಬಂತು. ಆ ಬೇಸಿಗೆ ಬಾಳೆ ಬದುಕಿತು. ಗೊನೆ ಹಂಚುವಾಗ ಜಗಳವೂ ಆಯಿತು, ಆಗಲೇಬೇಕಲ್ಲ. 2023ರ ಬರದ ನಂತರ, 2024ರ ಬೇಸಿಗೆ ರಜೆಯಲ್ಲೂ ಬರಪೀಡಿತ ತಾಲ್ಲೂಕುಗಳ ಮಕ್ಕಳಿಗೆ ಬಿಸಿಯೂಟ ಕೊಟ್ಟರು. ಊಟಕ್ಕೆ ಬಂದ ಮಕ್ಕಳ ತಟ್ಟೆ ನೀರು ಆ ವರ್ಷ ಎಷ್ಟೋ ಶಾಲೆಗಳ ನುಗ್ಗೆ ಗಿಡಗಳ ಪಾಲಿಗೆ ಬಂದಿರಬೇಕು.

ಅಡುಗೆಯ ಅಕ್ಕ ಹೇಳಿದ್ದು ಹೊಸದಲ್ಲ. ಕಳೆ ತೆಗೆಯುವುದಕ್ಕೆ, ಕೊಯ್ಲಿಗೆ ನಮ್ಮಲ್ಲಿ ಮುಯ್ಯಾಳು ಹೋಗುವ ಪದ್ಧತಿ ಇತ್ತು, ಅಲ್ಲಲ್ಲಿ ಇನ್ನೂ ಇದೆ. ಈವತ್ತು ನನ್ನ ಹೊಲಕ್ಕೆ ನೀನು ಬಂದರೆ, ನಾಳಿದ್ದು ನಿನ್ನ ಹೊಲಕ್ಕೆ ನಾನು. ನಾನು ಬರಲಾಗದಿದ್ದರೆ ಸೊಸೆಯನ್ನೋ ಮಗನನ್ನೋ ಕಳಿಸಬೇಕು. ದುಡ್ಡಿನ ಮಾತಿಲ್ಲ, ಆದರೆ ಲೆಕ್ಕ ಕರಾರುವಾಕ್ಕು. ಅದರಲ್ಲಿ ಯಾರೂ ಯಾರಿಗೂ ಉಪಕಾರ ಮಾಡುತ್ತಿರಲಿಲ್ಲ. ಉಪಕಾರ ಅಂದರೆ ಮಾಡಿದವನು ಮೇಲೆ, ತೆಗೆದುಕೊಂಡವನು ಕೆಳಗೆ. ಮುಯ್ಯಿಯಲ್ಲಿ ಇಬ್ಬರೂ ಸಮ. ಬಡವರ ಮನೆಯ ಹೆಂಗಸು ಸಂಕೋಚವಿಲ್ಲದೆ ಕೇಳುವುದಕ್ಕೆ ಅದರಲ್ಲಿ ಹಕ್ಕಿತ್ತು.

ಪಾಲಿದ್ದರೆ ತೋಟ ಉಳಿಯುತ್ತದೆ ಎಂಬುದಕ್ಕೆ ದೂರದ ಎರಡು ಉದಾಹರಣೆ ನೋಡಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಸುಮಾರು ಎರಡು ಕೋಟಿ ಮನೆ ತೋಟ, ಊರ ತೋಟಗಳನ್ನು ಜನ ಬೆಳೆಸಿದ್ದರೆಂಬ ಅಂದಾಜಿದೆ. ವಿಜಯದ ತೋಟಗಳೆಂದು ಅವಕ್ಕೆ ಹೆಸರು. ಯುದ್ಧ ಮುಗಿಯಿತು, ಅಂಗಡಿಗೆ ತರಕಾರಿ ಬಂತು, ಬಹಳಷ್ಟು ತೋಟಗಳು ಹುಲ್ಲುಹಾಸಾದವು. ಸೋವಿಯತ್ ಒಕ್ಕೂಟ ಒಡೆದು ಎಣ್ಣೆ, ಗೊಬ್ಬರ ನಿಂತುಹೋದಾಗ ಕ್ಯೂಬಾದ ಹವಾನಾದವರು ಖಾಲಿ ಸೈಟುಗಳಲ್ಲಿ ಕಟ್ಟೆ ಕಟ್ಟಿ ಸೊಪ್ಪು ಬೆಳೆದರು, ಅದು ಆಮೇಲೂ ಮುಂದುವರಿಯಿತು. ಉತ್ಸಾಹಕ್ಕೆ ಎರಡೂ ಕಡೆ ಕೊರತೆ ಇರಲಿಲ್ಲ. ಹವಾನಾದ ತೋಟದವರಿಗೆ ಬೆಳೆದದ್ದರಲ್ಲಿ ಪಾಲಿತ್ತು, ಮಾರುವ ಅವಕಾಶವಿತ್ತು.

ಒಂದು ಗುಂಟೆ ಜಾಗ ಇದ್ದರೆ ಸಂಸಾರಕ್ಕೆ ಸಾಕು ಎಂದು ಭಾಷಣಗಳಲ್ಲಿ ಕೇಳಿರುತ್ತೀರಿ. ಟೀಚರ್ ಬುದ್ಧಿ, ಲೆಕ್ಕ ಹಾಕದೆ ಬಿಡುವುದಿಲ್ಲ. ಒಬ್ಬರಿಗೆ ದಿನಕ್ಕೆ 300 ಗ್ರಾಂ ಸೊಪ್ಪು–ತರಕಾರಿ ಎಂದುಕೊಂಡರೂ ಐದು ಜನರ ಮನೆಗೆ ದಿನಕ್ಕೆ ಒಂದೂವರೆ ಕಿಲೋ, ವರ್ಷಕ್ಕೆ 550 ಕಿಲೋ ಹತ್ತಿರ. ಒಂದು ಗುಂಟೆ, ಅಂದರೆ ಮೂವತ್ತಮೂರು ಅಡಿ ಉದ್ದಗಲದ ಜಾಗ ಅಷ್ಟನ್ನು ಕೊಡಬೇಕಾದರೆ ನೀರು, ಗೊಬ್ಬರ, ಮೈಬಗ್ಗಿಸುವ ಆಳು ಮೂರೂ ವರ್ಷವಿಡೀ ಇರಬೇಕು. ನಮ್ಮ ಹಿತ್ತಲುಗಳಲ್ಲಿ ಇರುವುದಿಲ್ಲ. ಆದರೆ ಸೊಪ್ಪಿನ ಪಾಲು, ಕರಿಬೇವು, ಹಸಿಮೆಣಸಿನಕಾಯಿ, ಮೇಲೊಂದು ಸೋರೆ, ಒಂದು ಹೀರೆ ಚಪ್ಪರ ಖಂಡಿತ ಆಗುತ್ತದೆ. ರಕ್ತಹೀನತೆಗೆ ಬೇಕಾದದ್ದು ಅದೇ ಪಾಲು. ಬೆರಕೆ ಸೊಪ್ಪಿನ ಉಪ್ಸಾರು ವಾರಕ್ಕೆ ಮೂರು ದಿನ ಆದರೆ ನನಗೆ ಸಮಾಧಾನ. ಅಣ್ಣೆ ಸೊಪ್ಪು, ಕಿರಕಸಾಲೆ, ಹೊನಗೊನ್ನೆ, ಗಣಿಕೆ ಎಲ್ಲವೂ ರಾಗಿ ಹೊಲದ ಕಳೆಗಳೇ. ಕಳೆ ತೆಗೆಯಲು ಮುಯ್ಯಾಳು ಹೋದ ಹೆಂಗಸರು ಮಡಿಲು ತುಂಬಿಸಿಕೊಂಡೇ ಬರುತ್ತಿದ್ದುದು. ಕಳೆನಾಶಕ ಹೊಡೆದ ಹೊಲದಲ್ಲಿ ಈ ಸಾರೂ ಹೋಯಿತು.

ರೇಷ್ಮೆ ಸಾಕುವ ಮನೆಗಳಿಗೆ ಕೈತೋಟದಲ್ಲಿ ಒಂದು ಅನುಕೂಲ ಇದೆ. ಹುಳು ಬಹಳ ಸೂಕ್ಷ್ಮ, ಪಕ್ಕದ ತೋಟದಲ್ಲಿ ಔಷಧಿ ಹೊಡೆದ ಗಾಳಿ ಹಿಪ್ಪುನೇರಳೆ ಸೊಪ್ಪಿಗೆ ತಾಗಿದರೂ ಗೂಡು ಕಟ್ಟಲು ಚಂದ್ರಿಕೆ ಹತ್ತುವ ಮೊದಲೇ ಸಾಯುತ್ತದೆ. ಹಾಗಾಗಿ ಅಂಥ ಮನೆಯವರು ಹಿತ್ತಲ ಬದನೆಗೂ ಔಷಧಿ ಹೊಡೆಯುವುದಿಲ್ಲ, ಪಕ್ಕದವರನ್ನೂ ಹೊಡೆಯಗೊಡುವುದಿಲ್ಲ. ಹುಳುವಿನ ಹಿಕ್ಕೆ, ತಿಂದು ಬಿಟ್ಟ ಕಡ್ಡಿ ತಿಪ್ಪೆಯಲ್ಲಿ ಕೊಳೆತರೆ ಒಳ್ಳೆಯ ಗೊಬ್ಬರ.

ಅದೇ ರೇಷ್ಮೆಯ ಇನ್ನೊಂದು ತುದಿಯಲ್ಲಿ, ರಾಮನಗರದ ನೂಲು ತೆಗೆಯುವವರ ಮೊಹಲ್ಲಾಗಳಲ್ಲಿ ಹಿತ್ತಲೇ ಇಲ್ಲ. ಗೋಡೆಗೆ ಗೋಡೆ ತಾಗಿದ ಮನೆಗಳು. ಅಲ್ಲಿ ಇರುವುದು ತಾರಸಿ. ಬೆಂಗಳೂರಿನಲ್ಲಿ ಡಾ. ಬಿ.ಎನ್. ವಿಶ್ವನಾಥ್ ಅವರಂಥವರು ತಾರಸಿ ತೋಟವನ್ನು ಮನೆಮಾತು ಮಾಡಿದರು. 2011ರಿಂದ ಅಲ್ಲಿ ‘ಊಟ ಫ್ರಮ್ ಯುವರ್ ತೋಟ’ ಎಂಬ ಮೇಳವೂ ನಡೆಯಿತು. ಗ್ರೋ ಬ್ಯಾಗು, ಕೋಕೋಪೀಟು ಕೊಳ್ಳುವ ಶಕ್ತಿ ಇದ್ದವರಿಗೆ ಅದು ಸರಿ. ಮಗಳ ಬೀದಿಯಲ್ಲಿ ನಾನು ಕಂಡದ್ದು ಪೇಂಟಿನ ಡಬ್ಬ, ಒಡೆದ ಕೊಡ, ಸಿಮೆಂಟ್ ಚೀಲ. ಪುದೀನ, ಮೆಂತ್ಯ, ಬಸಳೆ. ಒಬ್ಬರ ತಾರಸಿಗೆ ನೀರಿನ ಕೊಳಾಯಿ ಇದೆ, ಇನ್ನೊಬ್ಬರಿಗೆ ಬಿಸಿಲು ಇದೆ. ಕೊಳಾಯಿಯವರು ಬಿಸಿಲಿನವರಿಗೆ ಪೈಪು ಎಳೆದುಕೊಟ್ಟಿದ್ದಾರೆ, ವಾರಕ್ಕೆರಡು ಕಟ್ಟು ಪುದೀನ ಆ ಕಡೆಗೆ ಹೋಗುತ್ತದೆ.

ನೀರಿನ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮೂರಲ್ಲಿ ಬೆಳೆದದ್ದು ಅಂದ ಮಾತ್ರಕ್ಕೆ ಶುದ್ಧ ಅಲ್ಲ. ವೃಷಭಾವತಿ ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಯ ನೀರನ್ನೂ ಹೊತ್ತು ಬಿಡದಿ ಹತ್ತಿರದ ಭೈರಮಂಗಲ ಕೆರೆಗೆ ಬರುತ್ತದೆ, ಅಲ್ಲಿಂದ ಅರ್ಕಾವತಿಗೆ. ಭತ್ತ ಬೆಳೆಯುತ್ತಿದ್ದ ಆ ಅಚ್ಚುಕಟ್ಟಿನಲ್ಲಿ ಈಗ ಬೇಬಿಕಾರ್ನ್, ಮೇವಿನ ಹುಲ್ಲು. ಅಂಥ ನೀರಿಗೆ ಸೊಪ್ಪಿನ ಮಡಿ ಮಾಡಬಾರದು. ಎಲೆಯಲ್ಲೂ ಬೇರಿನಲ್ಲೂ ಲೋಹದ ಅಂಶ ಸೇರುತ್ತದೆ, ತೊಳೆದರೆ ಹೋಗುವುದಿಲ್ಲ. ಮನೆಯ ಬಚ್ಚಲ ನೀರು ಇದಕ್ಕಿಂತ ಎಷ್ಟೋ ಮೇಲು.

ಹೊಸದಾಗಿ ಶುರುಮಾಡುವವರು ಬೀಜಕ್ಕೆ ಮೊದಲು ಪಕ್ಕದ ಮನೆ ಕೇಳಿ. ಆಮೇಲೆ ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ, ಸಲಹೆಗೆ ದುಡ್ಡು ಕೇಳುವುದಿಲ್ಲ. ಸರ್ಕಾರದ ನೆರವು ಈಗ ಏನಿದೆ ಎಂಬ ವಿಚಾರ ಗ್ರಾಮ ಪಂಚಾಯಿತಿಯಲ್ಲಿ ಸಿಗುತ್ತದೆ. ಗುಂಡಿ ತೋಡುವ ಮೊದಲು ಒಂದು ಹಾಳೆಯಲ್ಲಿ ಜನವರಿ, ಫೆಬ್ರವರಿ, ಮಾರ್ಚ್, ಏಪ್ರಿಲ್ ಎಂದು ಬರೆದು ಪ್ರತಿ ವಾರದ ಎದುರಿಗೂ ಒಂದು ಮನೆಯ ಹೆಸರು ಹಾಕಿಸಿ. ಹೆಸರು ತುಂಬದಿದ್ದರೆ ತೋಟವನ್ನು ಅರ್ಧಕ್ಕೆ ಇಳಿಸಿ.

ನಮ್ಮ ಬೀದಿಯಲ್ಲಿ ಬೀಜದ ಡಬ್ಬ ಈಗ ನನ್ನ ಮನೆಯಲ್ಲಿದೆ, ನೋಟ್‌ಬುಕ್ಕೂ ನನ್ನದೇ. ಕನಕಪುರದ ಕಾನೂನನ್ನೇ ತಂದಿದ್ದೇನೆ, ಒಂದಕ್ಕೆ ಎರಡು. ಹೋದ ವರ್ಷ ಅವರೆ ಒಯ್ದ ಒಬ್ಬಳು ಈ ಸಂಕ್ರಾಂತಿಗೂ ತಂದಿಲ್ಲ. ಹಂದಿ ನುಗ್ಗಿ ಹೊಲ ಹಾಳಾಯಿತಂತೆ. ಬೀದಿಯ ಮಹಿಳಾ ಸಂಘದಲ್ಲಿ ಕೂತು ಮಾತಾಡಿದೆವು. ಬೆಳೆ ಹೋದವರಿಗೆ ಸಾಲ ಮನ್ನಾ ಮಾಡೋಣ ಎಂದು ಇಬ್ಬರು ಅಂದರು. ಅವಳೇ ಒಪ್ಪಲಿಲ್ಲ. “ಮನ್ನಾ ಬ್ಯಾಡ ಟೀಚರಮ್ಮ, ಇನ್ನೊಂದು ಸೇರು ಕೊಡಿ, ಮುಂದಿನ ಸುಗ್ಗಿಗೆ ನಾಲ್ಕು ತರ್ತೀನಿ” ಅಂದಳು. ಕೊಟ್ಟು ಬರೆದುಕೊಂಡಿದ್ದೇನೆ.